ಇಸ್ತ್ರಿ ಮೇಜಿನ ಕೆಳಗೆ

ಫೆಬ್ರವರಿ 2, ಸೋಮವಾರ

ಸಿನಿಮಾದವರು ಇವತ್ತು ಬಂದು ಇಳಿದರು. ಏನು ಒಡೆದರು, ಎಲ್ಲಿ ಗೀರಿದರು, ಯಾವ ಸಾಮಾನನ್ನು ಎತ್ತಿ ಎಲ್ಲಿಟ್ಟರು ಎಂಬುದನ್ನೆಲ್ಲ ಆಯಾ ದಿನವೇ ಇದರಲ್ಲಿ ಬರೆದಿಡುತ್ತೇನೆ. ಆಮೇಲೆ "ನಾವಲ್ಲ" ಎನ್ನಲು ಯಾರಿಗೂ ಬಾಯಿ ಇರಬಾರದು.

ಇಂದಿನದು: ಬಾಗಿಲ ಪಕ್ಕದ ಗೋಡೆಯಲ್ಲಿ ಅಂಗೈಯಗಲ ಸುಣ್ಣ ಕಿತ್ತುಬಂದಿದೆ. ಕಬ್ಬಿಣದ ಪೆಟ್ಟಿಗೆ ತಾಗಿಸಿದರು. ತಾಗಿಸಿದವನು ಹಲ್ಲು ಕಿರಿದ.

ಬೂಟು ಹಾಕಿಕೊಂಡೇ ಒಳಗೆ ನುಗ್ಗುತ್ತಿದ್ದರು. ಬಾಗಿಲಿಗೆ ಅಡ್ಡ ನಿಂತು, "ಇದು ಬಸ್ ನಿಲ್ದಾಣ ಅಲ್ಲ. ಬಿಚ್ಚಿ ಬನ್ನಿ" ಎಂದೆ. ಎಲ್ಲರೂ ಕಿರಿಯವಳ ಮುಖ ನೋಡಿದರು. ಅವಳು ತಾನೇ ಮೊದಲು ಬಗ್ಗಿ ಬೂಟಿನ ಲೇಸು ಬಿಚ್ಚಿದಳು. ಅಷ್ಟು ಬುದ್ಧಿ ಇನ್ನೂ ಉಳಿದಿದೆ.

ಕಿರಿಯವಳು ಎಂದರೆ ನನ್ನ ಮಗಳು. ಈ ರಂಪಕ್ಕೆಲ್ಲ ಅವಳೇ ಯಜಮಾನಿ. ತಾನು ಆರು ವರ್ಷದವಳಿದ್ದಾಗಿನ ನಮ್ಮ ಮನೆಯನ್ನು ಸಿನಿಮಾ ಮಾಡುತ್ತಿದ್ದಾಳೆ. ಆಗ ಮನೆಯ ಮುಂಭಾಗದಲ್ಲೇ ನಮ್ಮ ಲಾಂಡ್ರಿ ಇತ್ತು. ಹಿಂದೆ ಅಡುಗೆಮನೆ, ನಡುವೆ ಇಸ್ತ್ರಿ ಕೋಣೆ. ಈಗ ದೊಡ್ಡ ಮಗ ಲಾಂಡ್ರಿಯನ್ನು ಮುಖ್ಯರಸ್ತೆಗೆ ಒಯ್ದಿದ್ದಾನೆ. ಅಲ್ಲಿ ಯಂತ್ರವೇ ಒಗೆಯುತ್ತದೆ, ಯಂತ್ರವೇ ಒಣಗಿಸುತ್ತದೆ, ಅವನು ಕುರ್ಚಿಯಲ್ಲಿ ಕೂತು ಮೈ ಬೆಳೆಸುತ್ತಾನೆ. ಇಸ್ತ್ರಿ ಕೋಣೆ ಮಾತ್ರ ಅಂದು ಇದ್ದ ಹಾಗೇ ಇದೆ. ಬೀಗ ಹಾಕಿದೆ. ಕೀಲಿ ನನ್ನ ಸೊಂಟದಲ್ಲಿದೆ.

ಒಪ್ಪಿಗೆ ಕೊಡುವಾಗ ಒಂದೇ ಮಾತು ಹೇಳಿದ್ದೆ: ಮನೆಯ ಮರ್ಯಾದೆಗೆ ಕುಂದು ಬರಕೂಡದು. "ಬರಲ್ಲಮ್ಮ" ಎಂದಿದ್ದಳು. ಅವಳು ಅಷ್ಟು ಬೇಗ ಒಪ್ಪಿದಾಗಲೆಲ್ಲ ಏನೋ ಇರುತ್ತದೆ.

ಫೆಬ್ರವರಿ 3, ಮಂಗಳವಾರ

ಬೆಳಿಗ್ಗೆ ನಡುಮನೆಗೆ ಬಂದರೆ ಕ್ಯಾಮೆರಾದವನು ನೆಲದ ಮೇಲೆ ಬೋರಲಾಗಿ ಬಿದ್ದುಕೊಂಡಿದ್ದ. ನಿಂತರೆ ತಲೆ ಬಾಗಿಲಿಗೆ ತಾಗುವ ಆಳು. ಮಲಗಿದರೆ ಅರ್ಧ ನಡುಮನೆ ಅವನೇ.

"ಏನಪ್ಪಾ, ಮೈಯಲ್ಲಿ ಹುಷಾರಿಲ್ವಾ?" ಎಂದೆ.

"ಇಲ್ಲಮ್ಮ, ಕೆಲಸ ಮಾಡ್ತಿದೀನಿ."

"ಮಲಕ್ಕೊಂಡು ಕೆಲಸ ಮಾಡೋನು ಈ ಮನೇಲಿ ನನ್ನ ಮಗ ಒಬ್ಬನೇ ಅನ್ಕೊಂಡಿದ್ದೆ."

ಸೊಸೆ ಬಾಗಿಲ ಹಿಂದೆ ನಿಂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಗಂಡನನ್ನು ಆಡಿಕೊಂಡರೆ ಅವಳಿಗೆ ಯಾವಾಗಲೂ ಖುಷಿ.

ಆಮೇಲೆ ತಿಳಿಯಿತು. ಈ ಸಿನಿಮಾದಲ್ಲಿ ಎಲ್ಲವನ್ನೂ ಆರು ವರ್ಷದ ಮಗುವಿನ ಕಣ್ಣಿನ ಎತ್ತರದಿಂದಲೇ ತೆಗೆಯುವುದಂತೆ. ಅದಕ್ಕೇ ಕ್ಯಾಮೆರಾ ನೆಲ ಬಿಟ್ಟು ಮೇಲೇಳುವುದಿಲ್ಲ. ನನ್ನ ಪಾತ್ರಕ್ಕೆ ಒಬ್ಬ ನಟಿಯನ್ನು ಕರೆಸಿದ್ದಾರೆ. ಒಳ್ಳೆಯ ಲಕ್ಷಣವಾದ ಮುಖ, ನೇರ ಬೆನ್ನು. ಪರವಾಗಿಲ್ಲ ಎಂದುಕೊಂಡಿದ್ದೆ. ಅಲ್ಲೊಂದು ಪುಟ್ಟ ಟೀವಿ ಇಟ್ಟಿದ್ದಾರೆ. ಕ್ಯಾಮೆರಾ ಕಂಡದ್ದೆಲ್ಲ ಅದರಲ್ಲಿ ಕಾಣುತ್ತದೆ. ನೋಡಿದರೆ ಎರಡು ಪಾದ, ಏಪ್ರನ್ನಿನ ಅಂಚು, ಕೀಲಿಗೊಂಚಲು, ಒಂದು ಕೈ.

"ನನ್ನ ತಲೆ ಎಲ್ಲಿ?" ಎಂದು ಸೊಸೆಯನ್ನು ಕೇಳಿದೆ. ನಾನು ಕಿರಿಯವಳನ್ನು ನೇರ ಕೇಳುವುದು ಕಡಿಮೆ. ನಮ್ಮಿಬ್ಬರ ನಡುವಿನ ಅಂಚೆ ಸೊಸೆಯದೇ.

ಸೊಸೆ ಆ ಕಡೆ ತಿರುಗುವ ಮೊದಲೇ ಕಿರಿಯವಳು ಅಂದಳು, "ಅತ್ತಿಗೆ, ಅಷ್ಟು ಎತ್ತರದಿಂದ ಅಷ್ಟೇ ಕಾಣೋದು ಅಂತ ಹೇಳಿ."

"ತಲೆ ಎತ್ತಿ ನೋಡೋಕೆ ಅವಳಿಗೇನು ಕುತ್ತಿಗೆ ಉಳುಕಿತ್ತಾ, ಕೇಳು."

"ಹೆದರಿಕೆ ಆಗ್ತಿತ್ತು ಅಂತ ಹೇಳಿ."

ಸುತ್ತ ಇದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಹೆದರಿಕೆಯಂತೆ! ಆ ಹುಡುಗಿಗೆ ನಾನು ಒಂದು ಏಟು ಹೊಡೆದವಳಲ್ಲ.

ಕಿರಿಯವಳ ಪಾತ್ರ ಮಾಡುವ ಹುಡುಗಿಯೊಬ್ಬಳಿದ್ದಾಳೆ. ಮುಂದಿನ ಒಂದು ಹಲ್ಲಿಲ್ಲ. ಎರಡು ಮೋಟು ಜಡೆ, ಎರಡೂ ಎರಡು ದಿಕ್ಕಿಗೆ. ಜೊತೆಗೆ ಬಂದ ಚಿಕ್ಕಮ್ಮ ಇಡೀ ದಿನ ಫೋನಿಗೆ ಅಂಟಿಕೊಂಡಿರುತ್ತಾಳೆ. ಮೋಟುಜಡೆ ಸೀದಾ ನನ್ನ ಮುಂದೆ ಬಂದು ನಿಂತು, "ನೀವು ನಿಜವಾದ ಅಮ್ಮನಾ?" ಎಂದು ಕೇಳಿತು.

"ಅಜ್ಜಿ ಅನ್ನು. ಜಡೆ ಯಾರು ಹಾಕಿದ್ದು? ಹಗ್ಗ ಹೊಸೆದ ಹಾಗಿದೆ."

ಬಿಚ್ಚಿ ಸರಿಯಾಗಿ ಹಾಕಿ ಕಳಿಸಿದೆ. ಸ್ವಲ್ಪ ಹೊತ್ತಿಗೇ ಯಾರೋ ಅದನ್ನು ಮತ್ತೆ ಕೆದರಿದರು. ಸಿನಿಮಾಕ್ಕೆ ಹಾಗೇ ಇರಬೇಕಂತೆ. ನನ್ನ ಮಗಳನ್ನು ನಾನು ಯಾವತ್ತೂ ಆ ಅವತಾರದಲ್ಲಿ ಹೊರಗೆ ಬಿಟ್ಟಿರಲಿಲ್ಲ.

ಇಂದಿನದು: ಒಂದು ತಟ್ಟೆ, ಒಂದು ಕಿಟಕಿಯ ಚಿಲಕ.

ಫೆಬ್ರವರಿ 4, ಬುಧವಾರ

ಸಿನಿಮಾದವರೆಲ್ಲ ರೈಲು ನಿಲ್ದಾಣದ ದೃಶ್ಯ ತೆಗೆಯಲು ಹೋಗಿದ್ದರು. ಮನೆ ಮನೆಯಂತಿತ್ತು.

ಅವರ ಬಟ್ಟೆಗಳ ಸಾಲು ಪಡಸಾಲೆಯಲ್ಲಿ ತೂಗುಹಾಕಿತ್ತು. ನನ್ನ ಪಾತ್ರದ್ದು, ನಮ್ಮ ಯಜಮಾನರ ಪಾತ್ರದ್ದು, ಮಗುವಿನದ್ದು. ಹತ್ತಿರ ಹೋಗಿ ಒಂದೊಂದನ್ನೇ ತಿರುಗಿಸಿ ನೋಡಿದೆ. ಕಾಲರಿನಲ್ಲಿ ಜಿಡ್ಡು, ಕಂಕುಳಲ್ಲಿ ಹಳದಿ ಕಲೆ, ಫ್ರಾಕಿನ ತುಂಬ ಚಹಾ. ಊರಿಗೆಲ್ಲ ಬಿಳಿ ಬಟ್ಟೆ ಕೊಟ್ಟ ಮನೆಯವರು ನಾವು. ನಮ್ಮ ಮೈಮೇಲೆ ಈ ಕೊಳೆ ಹಾಕಿ ತೋರಿಸುತ್ತಾರೆಯೇ? ಸಿನಿಮಾದವರ ಬಟ್ಟೆ ನೋಡಿಕೊಳ್ಳುವ ಹುಡುಗಿಯೊಬ್ಬಳಿದ್ದಾಳೆ, ಅವಳಿಗೆ ಒಗೆಯಲು ಬಿಡುವಾಗಿಲ್ಲ ಪಾಪ ಎಂದುಕೊಂಡೆ.

"ಅತ್ತೆ, ಒಂದು ಮಾತು ಕೇಳಿ ಮಾಡೋಣ" ಎಂದಳು ಸೊಸೆ.

"ಕೊಳೆ ಒಗೆಯೋಕೆ ಯಾರನ್ನ ಕೇಳ್ಬೇಕು?"

ಸೋಡಾ ಹಾಕಿ ನೆನೆಸಿದೆ. ಉಜ್ಜಿದೆ. ಗಂಜಿ, ನೀಲಿ. ಬಿಸಿಲು ಚೆನ್ನಾಗಿತ್ತು. ಸಂಜೆಗೆ ಎಲ್ಲವನ್ನೂ ಇಸ್ತ್ರಿ ಮಾಡಿ ಮತ್ತೆ ಅದೇ ಸಾಲಿನಲ್ಲಿ ತೂಗುಹಾಕಿದೆ. ಸೊಂಟ ಬಿದ್ದುಹೋಗಿದೆ, ಆದರೆ ನೋಡಲು ಕಣ್ಣಿಗೆ ಹಬ್ಬ. ಕಾಲರು ಮುಟ್ಟಿದರೆ ಟಕ್ ಎನ್ನುತ್ತದೆ. ನಾಳೆ ಅವರೆಲ್ಲ ಏನನ್ನುತ್ತಾರೋ ನೋಡೋಣ.

ಫೆಬ್ರವರಿ 5, ಗುರುವಾರ

ಬಟ್ಟೆಯ ಹುಡುಗಿ ಬಟ್ಟೆಗಳನ್ನು ನೋಡಿ ಮೆಟ್ಟಿಲ ಮೇಲೆ ಕೂತು ಅತ್ತಳು. ಆ ಕೊಳೆಯನ್ನೆಲ್ಲ ವಾರಗಟ್ಟಲೆ ಕೂತು ತಾನೇ ಮಾಡಿದ್ದಂತೆ.

ಎರಡು ದಿನ ಕೆಲಸ ನಿಲ್ಲಬೇಕಂತೆ.

ಕಿರಿಯವಳು ನನ್ನನ್ನು ಏನೂ ಅನ್ನಲಿಲ್ಲ. ಕಾಲರನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಗಂಜಿ ಮಾತ್ರ ಹದವಾಗಿದೆ" ಎಂದು ಹೇಳಿ ಹೋದಳು.

ಫೆಬ್ರವರಿ 6, ಶುಕ್ರವಾರ

ತಪ್ಪಾಯಿತು ಎಂದು ಹೇಳುವ ಅಭ್ಯಾಸ ನನಗಿಲ್ಲ. ಬಟ್ಟೆಯ ಹುಡುಗಿಯ ಪಕ್ಕ ಹೋಗಿ ಕೂತು, "ಏನು ಮಾಡ್ಬೇಕು ಹೇಳು" ಎಂದೆ.

ಅವಳು ಹೇಳಿಕೊಟ್ಟಳು. ಬೆವರಿಗೆ ತೆಳು ಚಹಾ, ಕಾಲರಿಗೆ ಎಣ್ಣೆಯಲ್ಲಿ ಕಲಸಿದ ಮಸಿ, ಮೊಣಕೈಗೆ ಇಟ್ಟಿಗೆಯ ಪುಡಿ. ನಾನು ಕಲೆ ಹಾಕಿದ್ದು ಹೊಸದರ ಹಾಗೆ ಕಾಣುತ್ತದೆ ಎಂದು ಎರಡು ಸಲ ತಿದ್ದಿಸಿದಳು. ಹುಡುಗಿಯ ಕೈಯಲ್ಲಿ ಕಸುಬಿದೆ. ಜೀವಮಾನವೆಲ್ಲ ಕೊಳೆ ತೆಗೆದ ಕೈಯಿಂದ ಕೊಳೆ ಹಾಕುವುದೆಂದರೆ ಹಲ್ಲು ಕಚ್ಚಿಕೊಂಡೇ ಮಾಡಬೇಕು. ಫ್ರಾಕಿನ ಮೇಲೆ ಚಹಾ ಚೆಲ್ಲುವ ಕೆಲಸ ಮೋಟುಜಡೆಯದು. ಅದಕ್ಕೆ ಸ್ವರ್ಗ ಸಿಕ್ಕಿದ ಹಾಗಾಗಿತ್ತು.

"ಅಜ್ಜಿ, ದಿನಾ ಹೀಗೇ ಮಾಡೋಣ."

"ನಿನ್ನ ಮನೆಗೆ ಹೋಗಿ ಮಾಡು. ನಿಮ್ಮಮ್ಮ ಬೆನ್ನಿನ ಮೇಲೆ ಕೊಡ್ತಾಳೆ."

"ನಮ್ಮಮ್ಮ ಹೊಡೆಯಲ್ಲ. ಸಿನಿಮಾದ ಅಮ್ಮನೂ ಹೊಡೆಯಲ್ಲ. ಸುಮ್ನೆ ನೋಡ್ತಾಳೆ. ಅದೇ ಜಾಸ್ತಿ ಅಂತೆ."

ಯಾರು ಹೇಳಿಕೊಟ್ಟರೋ ಈ ಮಾತನ್ನು.

ಇಂದಿನದು ಏನೂ ಇಲ್ಲ. ಒಂದು ಲೋಟ ಬಿರುಕು ಬಿಟ್ಟಿದೆ, ಅದು ಮೊದಲೇ ಬಿಟ್ಟಿತ್ತೋ ಏನೋ.

ಫೆಬ್ರವರಿ 7, ಶನಿವಾರ

ಮೋಟುಜಡೆಗೆ ಕೆಲಸವಿಲ್ಲದೆ ಬೇಸರ. ಹಿಂದೆ ಹಿಂದೆ ಸುತ್ತುತ್ತಿತ್ತು. ಕೊನೆಗೆ ಇಸ್ತ್ರಿ ಕೋಣೆಯ ಬೀಗ ತೆಗೆದೆ. ಧೂಳು ಹೊಡೆಯಬೇಕಿತ್ತು, ಹೇಗೂ.

ಎಲ್ಲ ಇದ್ದಲ್ಲೇ ಇದೆ. ಗೋಡೆಗೆ ಒತ್ತಿ ನಿಂತ ಉದ್ದನೆಯ ಮೇಜು, ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಬಿಳಿ ದುಪ್ಪಟಿ. ದುಪ್ಪಟಿಯ ಅಂಚು ಸುತ್ತಲೂ ನೆಲದವರೆಗೆ ಇಳಿದಿದೆ. ಇದ್ದಿಲು ಹಾಕುವ ಹಳೆಯ ಇಸ್ತ್ರಿ ಪೆಟ್ಟಿಗೆ ಮೂಲೆಯಲ್ಲಿ. ನಾನು ಕಿಟಕಿ ತೆರೆಯುವುದರೊಳಗೆ ಹುಡುಗಿ ದುಪ್ಪಟಿ ಎತ್ತಿ ಮೇಜಿನ ಕೆಳಗೆ ಸೇರಿಕೊಂಡಿತ್ತು. ಕಿರಿಯವಳೂ ಅಲ್ಲೇ ಕೂರುತ್ತಿದ್ದಳು. ಅದೇ ಅವಳ ಮನೆ, ಅದೇ ಶಾಲೆ.

"ಇದೇನು?" ಎಂದು ಕೆಳಗಿನಿಂದ ಒಂದು ಕೈ ಅಲ್ಯುಮಿನಿಯಂ ಬಟ್ಟಲನ್ನು ಹೊರಗೆ ಚಾಚಿತು.

ಹೇಳಿದೆ. ಬಟ್ಟೆಗೆ ನೀರು ಚಿಮುಕಿಸಿದರೇನೇ ಸುಕ್ಕು ಬಿಡುವುದು. ನೀರಿನ ಬಟ್ಟಲು ಮೇಜಿನ ಮೇಲಿದ್ದರೆ ಮೊಣಕೈ ತಾಗಿ ಉರುಳುತ್ತದೆ. ಅದಕ್ಕೆ ಅದನ್ನು ಹಿಡಿದುಕೊಂಡು ಕೆಳಗೆ ಕೂರುವುದು ಕಿರಿಯವಳ ಕೆಲಸ. ನಾನು ನೋಡದೆಯೇ ಕೈ ಇಳಿಸುತ್ತಿದ್ದೆ. ಬಟ್ಟಲು ಬಂದು ಬೆರಳಿಗೆ ತಾಗುತ್ತಿತ್ತು. ಬೆರಳು ಅದ್ದಿ ಮೇಲೆ ಚಿಮುಕಿಸುವುದು, ಮತ್ತೆ ಕೈ ಇಳಿಸುವುದು. ಮಾತಿಲ್ಲ, ಕತೆಯಿಲ್ಲ.

"ನಾನು ಮಾಡ್ತೀನಿ, ನಾನು ಮಾಡ್ತೀನಿ!"

ಮಾಡಿಸಿದೆ. ಮೊದಲು ಬಟ್ಟಲನ್ನು ನನ್ನ ಮಂಡಿಗೆ ಗುದ್ದಿ ಏಪ್ರನ್ನೆಲ್ಲ ಒದ್ದೆ ಮಾಡಿತು. ಆಮೇಲಾಮೇಲೆ ಹದಕ್ಕೆ ಬಂತು. ಕೈ ಇಳಿಸಿದರೆ ಬಟ್ಟಲು. ನಾನು ಸುಮ್ಮನೆ ಎಷ್ಟೋ ಹೊತ್ತು ಖಾಲಿ ಮೇಜಿಗೆ ನೀರು ಚಿಮುಕಿಸುತ್ತ ನಿಂತಿದ್ದೆ.

ಆಗ ಕೆಳಗಿನಿಂದಲೇ ಅದು ತನ್ನ ಪಾಠ ಒಪ್ಪಿಸತೊಡಗಿತು. ಮುಂದಿನ ವಾರದ ದೃಶ್ಯದ್ದಂತೆ. "ಅಪ್ಪ ಹೋದ ದಿನ ಅಮ್ಮ ಅಳಲಿಲ್ಲ. ಇಸ್ತ್ರಿ ಮಾಡಿದಳು. ಅಮ್ಮ—"

"ಸಾಕು, ಎದ್ದು ಬಾ" ಎಂದೆ.

"ಇನ್ನೂ ಇದೆ ಅಜ್ಜಿ."

"ಸಾಕು ಅಂದೆ."

ಕಿಟಕಿ ಹಾಕಿ ಬೀಗ ಜಡಿದೆ.

ಫೆಬ್ರವರಿ 8, ಭಾನುವಾರ

ಅಮ್ಮ ಅಳಲಿಲ್ಲವಂತೆ. ಇಸ್ತ್ರಿ ಮಾಡಿದಳಂತೆ.

ಮಾಡಿದೆ. ಇಲ್ಲ ಎನ್ನುವುದಿಲ್ಲ. ಮರುದಿನ ಬೆಳಿಗ್ಗೆ ಪುರಸಭೆಯ ಬ್ಯಾಂಡಿನವರ ಮೆರವಣಿಗೆ ಇತ್ತು. ಅವರ ಬಿಳಿ ಕೋಟುಗಳೆಲ್ಲ ನಮ್ಮಲ್ಲಿದ್ದವು. ಒಪ್ಪಿಕೊಂಡು ತಂದವರು ನಮ್ಮ ಯಜಮಾನರೇ. ನಾಲ್ಕು ದಿನ ಜ್ವರದಲ್ಲಿ ಮಲಗಿದವರು ಎದ್ದೇಳಲೇ ಇಲ್ಲ. ಮಣ್ಣು ಮಾಡಿ ಬಂದಮೇಲೆ ಪಡಸಾಲೆಯಲ್ಲಿ ನೆಂಟರು ಕೂತು ಮಾತಾಡುತ್ತಿದ್ದರು. ಅಂಗಡಿ ಇನ್ನು ಮುಚ್ಚಿದ ಹಾಗೇ, ಎರಡು ಮಕ್ಕಳನ್ನು ಕಟ್ಟಿಕೊಂಡು ಅವಳೇನು ಮಾಡುತ್ತಾಳೆ ಎಂದು. ನನ್ನ ಕಿವಿಗೆ ಬೀಳಲಿ ಎಂದೇ ಆಡಿದ ಮಾತು. ಆ ಕೋಟುಗಳು ಬೆಳಿಗ್ಗೆ ಹೋಗದಿದ್ದರೆ ಅವರ ಮಾತೇ ನಿಜವಾಗುತ್ತಿತ್ತು. ಎದ್ದು ಇಸ್ತ್ರಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ದೊಡ್ಡವನು ನೆಂಟರ ನಡುವೆ ಕೂತಿದ್ದ. ಕಿರಿಯವಳನ್ನು ಪಕ್ಕದ ಮನೆಯವಳು ಮೊದಲೇ ಕರೆದುಕೊಂಡು ಹೋಗಿದ್ದಳು.

ಗೋಡೆಯ ಕಡೆ ಮುಖ ಮಾಡಿ ನಿಂತೆ. ಅಲ್ಲಿ ಏನಾಯಿತೆಂಬುದು ನನಗೂ ಆ ಗೋಡೆಗೂ ಗೊತ್ತು. ಒಂದು ಸದ್ದು ಹೊರಗೆ ಬಿಡಲಿಲ್ಲ. ನೀರಿನ ಬಟ್ಟಲನ್ನು ಯಾರು ಎಲ್ಲಿಟ್ಟಿದ್ದರೋ, ಇರಬೇಕಾದ ಜಾಗದಲ್ಲಿ ಇರಲಿಲ್ಲ. ಹುಡುಕಲು ಹೊರಗೆ ಹೋಗಬೇಕಿತ್ತು. ಹೋದರೆ ನನ್ನ ಮುಖ ನೋಡುತ್ತಾರೆ. ಹಾಗಾಗಿ ನೀರಿಲ್ಲದೆಯೇ ಇಸ್ತ್ರಿ ಮಾಡಿದೆ. ಬೆಳಿಗ್ಗೆ ಕೋಟುಗಳು ಹೋದವು, ಅಂಗಡಿ ಉಳಿಯಿತು.

ಮುಖ ತೊಳೆದುಕೊಂಡೇ ಬಾಗಿಲು ತೆರೆದದ್ದು. ಈ ವಿಷಯ ಒಡಹುಟ್ಟಿದವರಿಗೆ ಹೇಳಿಲ್ಲ, ಹೊಟ್ಟೆಯಲ್ಲಿ ಹುಟ್ಟಿದವರಿಗೂ ಹೇಳಿಲ್ಲ. ಈಗ ಹೇಳಿದರೆ ಇಷ್ಟು ವರ್ಷ ತಲೆ ಎತ್ತಿ ನಡೆದದ್ದೆಲ್ಲ ನೀರುಪಾಲು. ಹೇಳದಿದ್ದರೆ ಗಂಡ ಸತ್ತ ದಿನ ಕಣ್ಣು ಒದ್ದೆಯಾಗದ ಹೆಂಗಸು ಎಂದು ಊರೂರಲ್ಲಿ ಪರದೆಯ ಮೇಲೆ ತೋರಿಸುತ್ತಾರೆ. ತೋರಿಸುವವಳು ಬೇರೆ ಯಾರೋ ಆಗಿದ್ದರೆ ಬಿಡಬಹುದಿತ್ತು.

ಫೆಬ್ರವರಿ 9, ಸೋಮವಾರ

ಸೊಸೆಯ ಕೈಲಿ ಹೇಳಿ ಕಳಿಸಿದೆ: ಇಸ್ತ್ರಿ ಕೋಣೆ ಕೊಡುವುದಿಲ್ಲ. ಉಳಿದ ಮನೆಯಲ್ಲಿ ಏನು ಬೇಕಾದರೂ ತೆಗೆದುಕೊಳ್ಳಲಿ.

ಫೆಬ್ರವರಿ 10, ಮಂಗಳವಾರ

ಕಿರಿಯವಳು ತಾನೇ ಅಡುಗೆಮನೆಗೆ ಬಂದಳು. ಸೊಸೆ ಒಲೆಯ ಮುಂದಿದ್ದವಳು ನಮ್ಮಿಬ್ಬರ ಮುಖ ನೋಡಿ, ಉಕ್ಕುತ್ತಿದ್ದ ಹಾಲನ್ನೂ ಬಿಟ್ಟು ಹೊರಗೆ ಹೋದಳು. ಹಾಲು ನಾನೇ ಇಳಿಸಿದೆ.

"ಯಾಕಮ್ಮ ಬೇಡ?"

"ನಾನು ಅಳಲಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡೀಬೇಕಾ? ಅದೇನಾ ಮನೆ ಮರ್ಯಾದೆ?"

ಅವಳು ಇನ್ನೂ ಹತ್ತಿರ ಬಂದಳು. ಅವಳ ತಲೆಯಲ್ಲೂ ಬಿಳಿ ಕೂದಲು ಬಂದಿವೆ. ಕಿವಿಯ ಹಿಂದೆ, ಅವರಪ್ಪನಿಗೆ ಬಂದಿದ್ದಂತೆಯೇ.

"ಅತ್ತಿದ್ಯಾ?" ಎಂದು ಕೇಳಿದಳು.

ನೇರ ಪ್ರಶ್ನೆ. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಬಾಯಿಗೆ ಬಂದದ್ದು ಮಾತ್ರ, "ನಾನ್ಯಾಕೆ ಅಳಲಿ? ಕೆಲಸ ಬಿದ್ದಿತ್ತು" ಎಂಬುದು.

ಅವಳು ತಲೆಯಾಡಿಸಿದಳು. ವಾದ ಮಾಡುತ್ತಾಳೆ ಎಂದು ಸಜ್ಜಾಗಿ ನಿಂತಿದ್ದೆ, ಮಾಡಲಿಲ್ಲ. "ಸರಿಯಮ್ಮ. ನಿನಗೆ ಬೇಡ ಅಂದ್ರೆ ತೆಗೆಯಲ್ಲ. ಆದ್ರೆ ಈ ಸಿನಿಮಾ ಇರೋದೇ ಆ ಒಂದು ದೃಶ್ಯಕ್ಕೋಸ್ಕರ. ಅದಿಲ್ದೆ ಉಳಿದದ್ದು ಇಟ್ಕೊಂಡು ನಾನೇನ್ಮಾಡ್ಲಿ? ಸಾಮಾನು ಕಟ್ಟೋಕೆ ಹೇಳ್ತೀನಿ."

"ಬೇರೆ ಕಡೆ ಅಂಥದ್ದೇ ಕೋಣೆ ಕಟ್ಟಿಸ್ಕೋ. ಸಿನಿಮಾದವರಿಗೇನು, ಕಾಗದದಲ್ಲಿ ಅರಮನೆ ಕಟ್ತೀರಿ."

"ಕಟ್ಟಿಸ್ಬಹುದು. ನಿನಗೆ ಬೇಡದ್ದನ್ನ ಕದ್ದು ಮಾಡೋಕೆ ನನಗೆ ಬೇಡ."

ಹೋದಳು. ತುಂಬ ದಿನಗಳ ಮೇಲೆ ನನ್ನ ಜೊತೆ ಅವಳು ಇಷ್ಟು ಮಾತಾಡಿದ್ದು ಇವತ್ತೇ. ಅದೂ ಇದಕ್ಕೆ.

ಫೆಬ್ರವರಿ 11, ಬುಧವಾರ

ಬೆಳಿಗ್ಗೆಯಿಂದ ಪೆಟ್ಟಿಗೆಗಳಿಗೆ ಸಾಮಾನು ತುಂಬುತ್ತಿದ್ದಾರೆ. ಯಾರೂ ಏನನ್ನೂ ಗೋಡೆಗೆ ತಾಗಿಸುತ್ತಿಲ್ಲ. ಒಬ್ಬರೂ ನಗುತ್ತಿಲ್ಲ. ಕ್ಯಾಮೆರಾದವನು ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದ. ನೆಲದಲ್ಲಿ ತೆವಳಿ ತೆವಳಿ ಎರಡೂ ಮಂಡಿಯ ಚರ್ಮ ಸುಲಿದಿದೆ. ಮುಲಾಮು ಕೊಟ್ಟೆ. "ಮಡಿಸಿದ ಕಂಬಳಿ ಹಾಕ್ಕೊಂಡು ತೆವಳಬಾರದಿತ್ತಾ ದಡ್ಡ" ಎಂದೆ. "ಈಗ ಯಾಕೆ ಬಿಡಿ ಅಮ್ಮ" ಎಂದ.

ಮೋಟುಜಡೆ ಮಧ್ಯಾಹ್ನದ ಊಟ ಬಿಟ್ಟಿತು. ಕರೆಸಿ ಕೂರಿಸಿಕೊಂಡೆ.

"ನಾನು ಕಲಿತಿದ್ದೆ ಅಜ್ಜಿ. ಬಟ್ಟಲು ನಡುಗದ ಹಾಗೆ ಹಿಡ್ಕೊಳ್ಳೋದು. ಒಂದು ಹನಿ ಚೆಲ್ಲಲ್ಲ."

"ಯಾವಾಗ ಹಿಡ್ಕೊಳ್ಳೋದು?"

"ಅದೇ, ಅಪ್ಪ ಹೋದ ದಿನದ ದೃಶ್ಯದಲ್ಲಿ. ನಾನು ಮೇಜಿನ ಕೆಳಗೆ ಬಟ್ಟಲು ಹಿಡ್ಕೊಂಡು ಕೂತಿರ್ಬೇಕು. ತುಂಬಾ ಹೊತ್ತು."

ಸುಳ್ಳು. ಅಂದು ಬಟ್ಟಲೇ ಇರಲಿಲ್ಲ. ಕಿರಿಯವಳೂ ಮನೆಯಲ್ಲಿರಲಿಲ್ಲ. ಕಂಡದ್ದನ್ನಷ್ಟೇ ತೆಗೆಯುತ್ತೇನೆ ಎನ್ನುವವಳು ಇಲ್ಲದ ಬಟ್ಟಲನ್ನು ಎಲ್ಲಿಂದ ತಂದಳು?

ಇಡೀ ಮಧ್ಯಾಹ್ನ ಆ ಬಟ್ಟಲು ತಲೆಯಿಂದ ಇಳಿಯಲಿಲ್ಲ.

ಸಂಜೆ ಹಳೆಯ ಕಂಬಳಿಯೊಂದನ್ನು ಕತ್ತರಿಸಿ, ಒಳಗೆ ಹತ್ತಿ ತುಂಬಿ ಎರಡು ಮೆತ್ತೆ ಹೊಲಿದೆ, ಕಟ್ಟಿಕೊಳ್ಳಲು ನಾಲ್ಕು ಪಟ್ಟಿ ಹಚ್ಚಿದೆ. ಕೀಲಿಯನ್ನು ಅದರ ಜೊತೆ ಕ್ಯಾಮೆರಾದವನ ಕೈಗೆ ಕೊಟ್ಟೆ. ಹುಡುಗಿ ಊಟ ಬಿಟ್ಟಿದೆ, ಪರರ ಮಗುವನ್ನು ಉಪವಾಸ ಕೆಡವಿದ ಪಾಪ ನನಗೆ ಬೇಡ. ಅದಕ್ಕೇ ಕೊಟ್ಟದ್ದು. ಬೇರೆ ಕಾರಣವಿಲ್ಲ.

ಫೆಬ್ರವರಿ 13, ಶುಕ್ರವಾರ

ದೃಶ್ಯ ತೆಗೆದರು. ನಾನು ನೋಡಲು ಕೂತೆ. ಟೀವಿಯ ಮುಂದೆ ಕುರ್ಚಿ ಹಾಕಿದ್ದರು. ಅದು ಎತ್ತರವಾಯಿತು ಎಂದು ಮಣೆ ತರಿಸಿಕೊಂಡೆ. ತಪ್ಪು ಎಲ್ಲಿದೆಯೋ ಅಲ್ಲೇ ಎದ್ದು ಹೇಳುವುದೆಂದು ತೀರ್ಮಾನ ಮಾಡಿಕೊಂಡಿದ್ದೆ.

ಮೇಜಿನ ಕೆಳಗೆ ಅರೆಗತ್ತಲು. ದುಪ್ಪಟಿಯ ಮೂಲಕ ಹಾಲಿನಂಥ ಬೆಳಕು. ಮೋಟುಜಡೆ ಎರಡು ಕೈಯಲ್ಲೂ ಬಟ್ಟಲು ಹಿಡಿದು ಕೂತಿದೆ. ಎದುರಿಗೆ ದುಪ್ಪಟಿಯ ಅಡಿಯಿಂದ ಇಣುಕುವ ನಟಿಯ ಎರಡು ಪಾದದ ತುದಿ. ಮೇಲೆ ಇಸ್ತ್ರಿ ಪೆಟ್ಟಿಗೆ ಹೋಗುವ, ಬರುವ ಸದ್ದು. ಮಗು ದುಪ್ಪಟಿಯ ಅಂಚನ್ನೇ ನೋಡುತ್ತಿದೆ, ಕೈ ಇಳಿಯುವ ಜಾಗವನ್ನು. ಕೈ ಇಳಿಯುವುದಿಲ್ಲ.

ಚುಂಯ್.

ಬಿಸಿ ಕಬ್ಬಿಣಕ್ಕೆ ಹನಿ ಬಿದ್ದ ಸದ್ದು. ಮಗು ಬಟ್ಟಲಿನೊಳಗೆ ನೋಡುತ್ತದೆ. ಬಟ್ಟಲು ತುಂಬಿದೆ. ಒಂದು ಹನಿ ಕಡಿಮೆಯಾಗಿಲ್ಲ.

ಚುಂಯ್.

ಮಗು ತಲೆ ಎತ್ತಿ ಮೇಜಿನ ಹಲಗೆಯನ್ನು ನೋಡುತ್ತದೆ. ಆಮೇಲೆ ಬಟ್ಟಲನ್ನು ಇನ್ನೂ ಸ್ವಲ್ಪ ಮೇಲೆ ಎತ್ತಿ ಹಿಡಿಯುತ್ತದೆ. ಅಮ್ಮನ ಕೈಗೆ ಸಿಗುವಷ್ಟು ಮೇಲೆ. ಹಿಡಿದೇ ಇರುತ್ತದೆ. ಒಂದು ಹನಿ ಚೆಲ್ಲುವುದಿಲ್ಲ.

ಅದರ ದನಿ ಮೆಲ್ಲಗೆ ಬಂತು: "ಅಪ್ಪ ಹೋದ ದಿನ ಅಮ್ಮ ಅಳಲಿಲ್ಲ. ಇಸ್ತ್ರಿ ಮಾಡಿದಳು. ಅಮ್ಮ ನೀರು ಕೇಳಲೇ ಇಲ್ಲ. ಬಟ್ಟಲು ನನ್ನ ಹತ್ತಿರವೇ ಇತ್ತು. ಆದರೂ ಇಸ್ತ್ರಿ ಚುಂಯ್ ಅನ್ನುತ್ತಿತ್ತು."

ಶನಿವಾರ ನಾನು ಅರ್ಧಕ್ಕೆ ತಡೆದ ಪಾಠ ಇದೇ.

ಕಿರಿಯವಳು ಟೀವಿ ಬಿಟ್ಟು ಬೇರೆಲ್ಲೋ ನೋಡುತ್ತಿದ್ದಳು. ನಾನು ಎದ್ದೆ. ಹೇಳಬೇಕೆಂದಿದ್ದ ತಪ್ಪು ಯಾವುದೂ ನೆನಪಾಗಲಿಲ್ಲ.

"ನಿನ್ನನ್ನ ಪಕ್ಕದ ಮನೆಗೆ ಕಳಿಸಿದ್ರಲ್ಲ" ಎಂದೆ, ನೇರ ಅವಳಿಗೇ.

"ಹಿತ್ತಲಿಂದ ಓಡಿಬಂದೆ. ನೀನು ಬರೋಕೆ ಮುಂಚೆನೇ ಕೆಳಗೆ ಕೂತಿದ್ದೆ."

"ಯಾಕೆ?"

"ಕೋಟು ಇನ್ನೂ ಇದ್ವಲ್ಲಮ್ಮ. ಇಸ್ತ್ರಿ ಮಾಡ್ತೀಯ ಅಂತ ಗೊತ್ತಿತ್ತು. ನೀರು ಯಾರು ಕೊಡ್ತಾರೆ ಅಂತ ಬಂದೆ."

"ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು, ಇಲ್ಲಿದೀನಿ ಅಂತ?"

"ನೀನು ಕೇಳ್ತೀಯ ಅಂತ ಕಾಯ್ತಿದ್ದೆ."

ಇಷ್ಟು ವರ್ಷ ಬಟ್ಟಲನ್ನು ಮುಚ್ಚಿಟ್ಟರು ಎಂದು ಆ ನೆಂಟರನ್ನು ಬೈದುಕೊಂಡು ಬಂದೆ. ಅವರಲ್ಲಿ ಅರ್ಧ ಜನ ಈಗಿಲ್ಲ.

ನಟಿ ಮೂಗು ಒರೆಸಿಕೊಳ್ಳುತ್ತ ಬಂದಳು. ಕಣ್ಣು ಕೆಂಪಾಗಿತ್ತು. "ಮುಖಾನೇ ಕಾಣಲ್ಲ, ನೀನ್ಯಾಕಮ್ಮ ನಿಜವಾಗಿ ಅತ್ತೆ?" ಎಂದು ಕೇಳಿದೆ.

"ಹನಿ ಬೇಕಿತ್ತಲ್ಲ ಅಮ್ಮ."

ಒಳ್ಳೆಯ ಹುಡುಗಿ. ಬೆನ್ನು ನೇರವಿದೆ ಎಂದು ಅವಳನ್ನು ಕಂಡ ದಿನವೇ ಬರೆದಿದ್ದೇನೆ.

ಕ್ಯಾಮೆರಾದವನು ಹೊರಗೆ ಬಂದ. ಮೆತ್ತೆ ಕಟ್ಟಿಕೊಂಡಿದ್ದ. "ಇನ್ನೊಂದು ಸಲ ತೆಗೀಬೇಕಾ?" ಎಂದು ಕಿರಿಯವಳನ್ನು ಕೇಳಿದ. ಅವಳು ನನ್ನ ಕಡೆ ನೋಡಿದಳು. ಸಿನಿಮಾದವರೆಲ್ಲ ನನ್ನ ಕಡೆ ನೋಡಿದರು.

"ಸಾಕು. ಮಗುವಿಗೆ ಕೈ ನೋಯುತ್ತೆ" ಎಂದೆ. "ಇದೇ ಇರಲಿ."

ಫೆಬ್ರವರಿ 16, ಸೋಮವಾರ

ಸಿನಿಮಾದವರು ಹೋದರು. ಬಾಗಿಲ ಹೊರಗೆ ಬೂಟುಗಳಿಲ್ಲ. ಮೆಟ್ಟಿಲು ಬೋಳಾಗಿ ಕಾಣುತ್ತದೆ.

ಮೋಟುಜಡೆಯ ಜಡೆಯನ್ನು ಕೊನೆಗೂ ನಾನು ಹಾಕಿದ ಹಾಗೇ ಬಿಟ್ಟರು. ಹೋಗುವಾಗ ಅದು ನನ್ನ ಏಪ್ರನ್ ಹಿಡಿದು ಜಗ್ಗಿತು. ಬಗ್ಗಿದೆ. "ಅಜ್ಜಿ, ನಿಮ್ಮ ಮುಖ ಹತ್ತಿರದಿಂದ ಹೆದರಿಕೆ ಆಗಲ್ಲ" ಎಂದು ಕಿವಿಯಲ್ಲಿ ಹೇಳಿತು. ಅಧಿಕಪ್ರಸಂಗಿ. ಬಟ್ಟೆಯ ಹುಡುಗಿಗೆ ಒಂದು ಡಬ್ಬಿ ನೀಲಿ ಕೊಟ್ಟೆ. ಬೇಕಾಗುತ್ತದೆ ಎಂದಲ್ಲ, ಇರಲಿ ಎಂದು.

ಗೋಡೆಯ ಸುಣ್ಣ ಸರಿಮಾಡಿಸಿ ಹೋಗುತ್ತೇವೆ ಎಂದರು. ಬೇಡ ಎಂದೆ. ಚಹಾದ ಕಪ್ಪು ಒಂದು ಒಡೆದಿದೆ. ಅದು ನನ್ನ ಕೈಯಿಂದಲೇ.

ಕಿರಿಯವಳು ಒಂದು ವಾರ ಇದ್ದು ಹೋಗುತ್ತಾಳಂತೆ. ಸೊಸೆಯ ಕೈಲಿ ಹೇಳಿ ಕಳಿಸಲಿಲ್ಲ, ತಾನೇ ಬಂದು ಹೇಳಿದಳು. ಅವಳ ಅಂಗಿಗಳು ಪೆಟ್ಟಿಗೆಯಲ್ಲಿ ಮುದುರಿ ಮುದ್ದೆಯಾಗಿದ್ದವು. ನೋಡಲಾಗದೆ ಎತ್ತಿಕೊಂಡು ಹೋಗಿ ಇಸ್ತ್ರಿ ಕೋಣೆಯಲ್ಲಿ ಇದ್ದಿಲು ಹಾಕಿದೆ. ಹಳೆಯ ಪೆಟ್ಟಿಗೆ ಇನ್ನೂ ಚೆನ್ನಾಗಿ ಕಾಯುತ್ತದೆ. ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಮೊದಲ ಅಂಗಿ ಮುಗಿಸಿ ಎರಡನೆಯದಕ್ಕೆ ಕಾಲರು ಬಿಡಿಸುವಾಗ ಯೋಚನೆಯಿಲ್ಲದೆ ಎಡಗೈ ಕೆಳಗೆ ಇಳಿಸಿದೆ, ರೂಢಿ.

ಬಟ್ಟಲು ಬಂದು ಬೆರಳಿಗೆ ತಾಗಿತು.

ಬೆರಳು ಅದ್ದಿ ನೀರು ಚಿಮುಕಿಸಿದೆ. ಬಗ್ಗಿ ನೋಡಲಿಲ್ಲ. ಮತ್ತೆ ಕೈ ಇಳಿಸಿದೆ. ಮತ್ತೆ ಬಂತು. ಅಂಗಿಗಳೆಲ್ಲ ಮುಗಿದ ಮೇಲೆ ನನ್ನ ಎರಡು ದುಪ್ಪಟಿಗಳನ್ನೂ ತಂದು ಇಸ್ತ್ರಿ ಮಾಡಿದೆ.

ಆ ನೆಲ ತಣ್ಣಗಿದೆ. ಅವಳಿಗೆ ಮೊದಲೇ ಸೊಂಟ ನೋವು, ಹೇಳಿದರೆ ಕೇಳುವ ಪೈಕಿಯಲ್ಲ. ನಾಳೆ ಮೇಜಿನ ಕೆಳಗೆ ಒಂದು ಕಂಬಳಿ ಹಾಸಬೇಕು.